ಅನಾಥರ ಪಟ್ಟಿ

"ಇದನ್ನ ಒಗೆದಿರೋದು ಅಂತಾರೇನೇ? ಹಂದಿ ಹೊರಳಾಡಿ ಎದ್ದುಹೋದ ಹಾಗಿದೆ."

ನಿರಾಶ್ರಿತರ ಸಮಿತಿಯ ಕಾರ್ಯದರ್ಶಿ ಬುಟ್ಕುಸ್ ಒದ್ದೆ ದುಪ್ಪಟಿಯನ್ನು ನನ್ನ ಮುಖಕ್ಕೆ ಎಸೆದ. ಹಾಸ್ಟೆಲಿನ ಅಂಗಳದಲ್ಲಿ ನಲವತ್ತು ಹುಡುಗಿಯರು ಶಾಲೆಗೆ ಹೊರಡಲು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ನನ್ನ ಮಗಳು ರೋಜೆಯೂ ಇದ್ದಳು. ಪುಸ್ತಕವನ್ನು ಎದೆಗೊತ್ತಿಕೊಂಡು ನೆಲ ನೋಡುತ್ತಿದ್ದಳು. ಸಾಬೂನು ಕಂಡು ಎರಡು ತಿಂಗಳಾಗಿತ್ತು. ಬೂದಿನೀರಿಗೆ ಇಷ್ಟೇ ಬೆಳ್ಳಗಾಗುವುದು. ದುಪ್ಪಟಿ ಎತ್ತಿಕೊಂಡು ತೊಟ್ಟಿಯ ಕಡೆ ನಡೆದೆ.

ನನ್ನ ಹೆಸರು ಅಗೋತಾ. ನಾವು ಲಿಥುವೇನಿಯಾದ ಒಕ್ಕಲು ಮಂದಿ. ಜರ್ಮನ್ನರು ನುಗ್ಗಿದ ವರ್ಷ, ಸಾವಿರದ ಒಂಬೈನೂರ ಹದಿನೈದನೇ ಇಸವಿಯಲ್ಲಿ, ಆಗ ನಮ್ಮನ್ನು ಆಳುತ್ತಿದ್ದ ರಷ್ಯದ ತ್ಸಾರನ ಸಿಪಾಯಿಗಳು ಹಿಂದೆ ಸರಿಯುತ್ತಾ ನಮ್ಮ ಹಳ್ಳಿಗೆ ಬೆಂಕಿಯಿಟ್ಟು ನಮ್ಮನ್ನು ಗಾಡಿ ಹತ್ತಿಸಿ ಪೂರ್ವಕ್ಕೆ ಅಟ್ಟಿದ್ದರು. ತಾಂಬೋವ್ ಕಡೆಯ ಈ ರಷ್ಯನ್ ಊರಿಗೆ ಬಂದು ಬೀಳುವಷ್ಟರಲ್ಲಿ ಕುದುರೆ ಸತ್ತಿತ್ತು, ಮಡಿಲಲ್ಲಿದ್ದ ಕೂಸೂ ಸತ್ತಿತ್ತು. ಯುದ್ಧಕ್ಕೆ ಹೋದ ಗಂಡನ ಸುದ್ದಿಯಿಲ್ಲ. ನಮ್ಮವರಲ್ಲೇ ಓದಿದವರು, ಜಮೀನುದಾರರು ಪೇಟೆಯಲ್ಲಿ ಕೋಣೆ ಹಿಡಿದರು, ನಿರಾಶ್ರಿತರ ಸಮಿತಿ ಕಟ್ಟಿದರು, ಶಾಲೆ ತೆರೆದರು. ನಮ್ಮಂಥವರಿಗೆ ಹಾಳುಬಿದ್ದ ಚರ್ಮದ ಕಾರ್ಖಾನೆಯ ಕೊಟ್ಟಿಗೆ ಸಿಕ್ಕಿತು. ಮೂರು ವರ್ಷವಾದರೂ ಗೋಡೆಯಿಂದ ಆ ವಾಸನೆ ಹೋಗಲಿಲ್ಲ.

ರೋಜೆ ಓದಿನಲ್ಲಿ ಚುರುಕು. ನಾನು ಕೂಲಿಯಿಲ್ಲದೆ ಬಟ್ಟೆ ಒಗೆದುಕೊಡುವುದಾದರೆ ಹಾಸ್ಟೆಲಿಗೆ ಸೇರಿಸಿಕೊಳ್ಳುತ್ತೇವೆ ಎಂದರು. ಇನ್ನೊಂದು ಷರತ್ತೂ ಇತ್ತು. ಅಲ್ಲಿ ಅವಳು ನನ್ನನ್ನು ಅವ್ವ ಎನ್ನಕೂಡದು, ಒಳ್ಳೆಯ ಮನೆತನದ ಹುಡುಗಿಯರಿಗೆ ಕಸಿವಿಸಿಯಾಗುತ್ತದೆ ಎಂದಳು ಮೇಲ್ವಿಚಾರಕಿ. ಅದಕ್ಕೂ ತಲೆಯಾಡಿಸಿದೆ. ನಮ್ಮ ಅಕ್ಷರದ ಪುಸ್ತಕವನ್ನು ತ್ಸಾರ್ ನಿಷೇಧಿಸಿದ್ದ ಕಾಲದಲ್ಲಿ ನನ್ನಪ್ಪ ಹುಲ್ಲಿನ ಹೊರೆಯಲ್ಲಿ ಅದನ್ನು ಗಡಿ ದಾಟಿಸಿ ತಂದು ಬೆನ್ನು ಸುಲಿಯುವ ಹಾಗೆ ಛಡಿ ಏಟು ತಿಂದಿದ್ದ. ಅಂಥವರ ಬಗ್ಗೆ ಬುಟ್ಕುಸ್ ಪ್ರತಿ ಹಬ್ಬದಲ್ಲೂ ಗದ್ಗದನಾಗಿ ಭಾಷಣ ಮಾಡುತ್ತಿದ್ದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಆ ಅಪ್ಪನ ಮಗಳಾದ ನನಗೆ ಓದು ಬಾರದು.

ಭಾನುವಾರ ಮಾತ್ರ ರೋಜೆ ಕೊಟ್ಟಿಗೆಗೆ ಬರುತ್ತಿದ್ದಳು. ಬಂದವಳೇ ಬಾಯಿ ತುಂಬ ಅವ್ವಾ ಎನ್ನುತ್ತಿದ್ದಳು, ವಾರದ್ದನ್ನೆಲ್ಲ ಒಂದೇ ದಿನ ತೀರಿಸುವವಳ ಹಾಗೆ. ಕೊಟ್ಟಿಗೆಯವರಿಗೆಲ್ಲ ಕಾಗದ ಬರೆದುಕೊಡುತ್ತಿದ್ದಳು. ನನ್ನ ಜೊತೆ ಬಟ್ಟೆ ಒಗೆಯುತ್ತಿದ್ದ ಮುದುಕಿ ಉರ್ಶುಲೆ, ಸತ್ತುಹೋದ ತನ್ನ ಮಗನಿಗೂ ಒಂದು ಕಾಗದ ಬರೆಸಿಕೊಂಡಿದ್ದಳು.

ಹದಿನೆಂಟನೇ ಇಸವಿಯ ಬೇಸಿಗೆ. ತ್ಸಾರ್ ಹೋಗಿ ಬೊಲ್ಶೆವಿಕರು ಬಂದಿದ್ದರು. ತಲೆಗೆ ಅಂಗೈಯಗಲ ರೊಟ್ಟಿ, ಅದರಲ್ಲೂ ಅರ್ಧ ಹೊಟ್ಟು. ಕಾಲರಾಕ್ಕೆ ಕೊಟ್ಟಿಗೆಯಿಂದ ವಾರಕ್ಕೆ ಎರಡು ಮೂರು ಹೆಣ ಹೋಗುತ್ತಿದ್ದವು. ಆಗ ಶಾಲೆ ಲಿಥುವೇನಿಯಾಕ್ಕೆ ವಾಪಸು ಹೊರಡುತ್ತದೆಂಬ ಸುದ್ದಿ ಬಂತು. ರೈಲು ಒಂದೇ. ಅದರಲ್ಲಿ ಮೇಷ್ಟ್ರುಗಳು, ಅವರ ಮನೆಯವರು, ಸಮಿತಿಯವರು, ಓದುವ ಮಕ್ಕಳು. ಕೊಟ್ಟಿಗೆಯವರು ಮುಂದಿನ ರೈಲಿಗೆ ಎಂದರು. ಮುಂದಿನ ರೈಲು ಎಂದಾಗ ಯಾರೂ ನಮ್ಮ ಮುಖ ನೋಡುತ್ತಿರಲಿಲ್ಲ.

ಬುಟ್ಕುಸ್ ನನ್ನನ್ನು ಕಚೇರಿಗೆ ಕರೆಸಿದ. ಶಾಲೆಯ ಪಾದ್ರಿಗಳೂ ಇದ್ದರು. ತಂದೆತಾಯಿ ಇಲ್ಲಿ ಉಳಿಯುವ ಮಕ್ಕಳನ್ನು ನಮ್ಮ ನಾಡನ್ನು ಹಿಡಿದುಕೊಂಡಿದ್ದ ಜರ್ಮನ್ನರು ಗಡಿಯಲ್ಲಿ ಬಿಡುವುದಿಲ್ಲವಂತೆ, ಅನಾಥರನ್ನಾದರೆ ಬಿಡುತ್ತಾರಂತೆ. ಅದಕ್ಕೇ ರೋಜೆಯನ್ನು ಅನಾಥರ ಪಟ್ಟಿಗೆ ಸೇರಿಸಿದ್ದ. ತಾಯಿ ಸತ್ತದ್ದಕ್ಕೆ ಒಬ್ಬ ಸಾಕ್ಷಿ ಬೇಕಿತ್ತು. ಕಾಗದದಲ್ಲಿ ಸಾಕ್ಷಿಗೆ ಓನಾ ಎಂದು ಸುಳ್ಳು ಹೆಸರಿಟ್ಟಾಗಿತ್ತು. ಕೆಳಗೆ ಗುರುತು ಹಾಕಬೇಕಾದವಳು ನಾನು.

"ನಾನು ಸತ್ತೋದೆ ಅಂತ ನಾನೇ ಗೀಟು ಹಾಕ್ಬೇಕಾ, ಧಣಿ?"

"ನೀನು ಸತ್ತರೇನು, ಇದ್ದರೇನು? ಹುಡುಗಿ ಬದುಕಬೇಕೋ ಬೇಡವೋ, ಅದನ್ನ ಹೇಳು."

ನನಗೂ ಒಂದು ಜಾಗ ಕೊಡಿ, ದಾರಿಯುದ್ದಕ್ಕೂ ಎಲ್ಲರ ಬಟ್ಟೆ ಒಗೆಯುತ್ತೇನೆ, ನೆಲದ ಮೇಲೆ ಕೂತು ಬರುತ್ತೇನೆ ಎಂದು ಕಾಲು ಹಿಡಿದೆ. ಬುಟ್ಕುಸನ ಹೆಂಡತಿಯ ಪಿಯಾನೋಗೆ ರೈಲಿನ ಒಂದು ಡಬ್ಬಿಯ ಅರ್ಧ ಹೋಗಿತ್ತೆಂದು ಆಮೇಲೆ ತಿಳಿಯಿತು. ಪಾದ್ರಿಗಳು ನನ್ನ ತಲೆ ಮುಟ್ಟಿ, ಇದು ತಾಯಿಯ ತ್ಯಾಗ, ದೇವಮಾತೆ ನೋಡುತ್ತಾಳೆ ಎಂದರು. ಪಾದ್ರಿಗಳಿಗೆ ಆ ರೈಲಿನಲ್ಲಿ ಜಾಗವಿತ್ತು.

ಒಂದು ದಿನ ಸಮಯ ಕೇಳಿ ಕಾಗದವನ್ನು ಕೊಟ್ಟಿಗೆಗೆ ತಂದೆ. ಓದುವವರು ಬೇರೆ ಯಾರಿದ್ದರು? ರೋಜೆಯೇ ಓದಿದಳು. ಹುಡುಗಿಯ ತಾಯಿ ಹದಿನೇಳನೇ ಇಸವಿಯ ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡಳು ಎಂದಿತ್ತು. ಕೊನೆಯ ಸಾಲಿಗೆ ಬರುವಾಗ ಅವಳ ದನಿ ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಾಗಿತ್ತು.

ಉರ್ಶುಲೆ ಉಗಿದಳು. "ಆ ಸೂಳೆಮಗಂಗೆ ನಿನ್ನ ಹೆಣನೂ ಬಿಟ್ಟಿ ಸಿಗ್ಬೇಕು ಕಣೆ, ಅಗೋತಾ. ಹಾಕ್ಬ್ಯಾಡ."

"ಇಲ್ಲೇ ಇದ್ರೆ ಇದೂ ಸಾಯ್ತದಲ್ಲವ್ವಾ," ಎಂದೆ.

ರೋಜೆ ಹೋಗುವುದಿಲ್ಲ ಎಂದಳು. ಕಾಗದವನ್ನು ಮಡಚಿ, ಹೋಗುತ್ತೇನೆ ಎಂದಳು. ಆಮೇಲೆ ಮತ್ತೆ ಇಲ್ಲ ಎಂದಳು. ಹನ್ನೆರಡು ವರ್ಷದ ಮಗುವಿನ ಮೇಲೆ ಅದನ್ನು ಹೊರಿಸಿದ್ದಕ್ಕೆ ನನ್ನನ್ನು ನಾನೇ ಶಪಿಸಿಕೊಂಡು ಕಾಗದ ಕಿತ್ತುಕೊಂಡೆ. ಮರುದಿನ ಕಚೇರಿಯಲ್ಲಿ ಮೂರು ಶಿಲುಬೆ ಗೀಚಿ ಬಂದೆ.

ರೈಲು ಹೊರಡುವ ದಿನ ನಾನೂ ಉರ್ಶುಲೆಯೂ ಹಾಸ್ಟೆಲಿನ ಗಂಟುಗಳನ್ನು ಹೊತ್ತು ನಿಲ್ದಾಣಕ್ಕೆ ಹೋದೆವು. ದನ ಸಾಗಿಸುವ ಡಬ್ಬಿಗಳಿಗೆ ಹಲಗೆ ಹೊಡೆದಿದ್ದರು. ಬೊಲ್ಶೆವಿಕರ ಅಧಿಕಾರಿಯೊಬ್ಬ ಪಟ್ಟಿ ಹಿಡಿದು ಅನಾಥ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಗುತ್ತಿದ್ದ. ತಂದೆ? ಇಲ್ಲ. ತಾಯಿ? ಇಲ್ಲ. ಡಬ್ಬಿ ಹತ್ತು. ನಾನು ಗಂಟು ಹೊತ್ತು ನಾಲ್ಕು ಹೆಜ್ಜೆ ಆಚೆ ನಿಂತಿದ್ದೆ.

ರೋಜೆಯ ಸರದಿ ಬಂತು. ತಂದೆ ಇಲ್ಲ ಎಂದಳು. ತಾಯಿ ಎಂದಾಗ ತಲೆಯೆತ್ತಿದಳು.

"ಇದಾಳೆ. ಅಗಾ, ಅಲ್ಲಿ ಗಂಟು ಹೊತ್ಕೊಂಡು ನಿಂತವ್ಳೆ. ಅವಳೇ ನಮ್ಮವ್ವ."

ಬುಟ್ಕುಸನ ಮುಖ ಬಿಳಿಚಿತು. ಅಧಿಕಾರಿ ಪಟ್ಟಿ ಮಡಚಿ, ಇನ್ನೆಷ್ಟು ಸುಳ್ಳು ಅನಾಥರಿದ್ದಾರೆ ಇದರಲ್ಲಿ ಎಂದ. ಹತ್ತಿದ ಮಕ್ಕಳೆಲ್ಲ ಬಾಗಿಲಿಗೆ ಬಂದು ನಿಂತರು. ಅವನು ನನ್ನನ್ನು ಹತ್ತಿರ ಕರೆದು, ಈ ಹುಡುಗಿ ನಿನ್ನವಳೇನು ಎಂದು ಕೇಳಿದ.

ರೋಜೆ ನನ್ನನ್ನೇ ನೋಡುತ್ತಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ, ಅಷ್ಟು ಜನರ ಎದುರು.

"ಅಲ್ಲ ಸ್ವಾಮಿ," ಎಂದೆ. "ಇದರವ್ವ ಸತ್ತೋದ್ಲು. ನಾನೇ ಹೆಣ ತೊಳ್ದೆ. ಅವತ್ತಿಂದ ಕಂಡಕಂಡೋರನ್ನೆಲ್ಲ ಅವ್ವ ಅಂತದೆ ಮಗು."

ಅಧಿಕಾರಿ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಪೆನ್ಸಿಲಿನಿಂದ ಹತ್ತು ಎಂದು ಸನ್ನೆ ಮಾಡಿದ. ಮೇಲ್ವಿಚಾರಕಿ ರೋಜೆಯ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ರೋಜೆ ಒಳಗಿನ ಕತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತದ್ದು ಕಂಡಿತು.

ಬುಟ್ಕುಸ್ ಬೆವರೊರೆಸಿಕೊಂಡು ಬಂದ. ಜಾಣೆ, ನೂರು ಮಕ್ಕಳನ್ನು ಉಳಿಸಿದೆ ಎಂದ. ನಾನು ಮುತ್ತಿಡಲೆಂದು ಕೈ ಮುಂದೆ ಚಾಚಿದ. ನಮ್ಮ ಕಡೆ ಒಡೆಯರ ಕೈಗೆ ಮುತ್ತಿಡುವುದು ಹುಟ್ಟಿದಾಗಿನಿಂದ ಬಂದ ರೂಢಿ, ಬೆನ್ನು ತಾನಾಗಿ ಬಾಗುತ್ತದೆ. ಅವತ್ತು ಬಾಗಲಿಲ್ಲ. ಅವನು ಕೈ ಚಾಚಿಕೊಂಡೇ ನಿಂತ. ನಾನು ಆ ಕೈಯನ್ನು ನೋಡುತ್ತಾ ನಿಂತೆ. ಎಂಜಿನ್ ಕೂಗಿದಾಗ ಅವನು ಅದನ್ನು ಜೇಬಿಗಿಳಿಸಿ ಓಡಿದ.

ರೈಲು ಅಲುಗಿದಾಗ ಒಳಗೆ ಮಕ್ಕಳಿಂದ ದೇವಮಾತೆಯ ಹಾಡು ಹೇಳಿಸಿದರು. ಬಾಗಿಲು ಹಾಕಿತ್ತು. ಡಬ್ಬಿಯ ಜೊತೆಜೊತೆಗೇ ನಡೆದೆ, ಆಮೇಲೆ ಓಡಿದೆ. ಅಷ್ಟು ದನಿಗಳಲ್ಲಿ ರೋಜೆಯದು ಯಾವುದೆಂದು ತಿಳಿಯಲಿಲ್ಲ. ಅವಳು ಹಾಡುತ್ತಿದ್ದಳೋ ಇಲ್ಲವೋ, ಅದೂ ತಿಳಿಯಲಿಲ್ಲ.