ಬೊಳ್ಳಿಪಾದೆಯ ಕೊಳ

ಕ್ರಿಸ್‌ಮಸ್ ಕಳೆದ ಮೇಲಿನ ಭಾನುವಾರ ಕಟಪಾಡಿಯ ಆ ಎರಡು ಮನೆಗಳಲ್ಲಿ ಯಾರೂ ಮಧ್ಯಾಹ್ನದ ನಿದ್ದೆ ಮಾಡುವುದಿಲ್ಲ. ಫೌಸ್ಟಿನ್ ಬೆಳಗ್ಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಷ್ಟರಲ್ಲಿ ಪಕ್ಕದ ಮನೆಯ ತಾರಾನಾಥ ತನ್ನ ಓಮ್ನಿಯ ಹಿಂಬಾಗಿಲು ತೆರೆದು ನಿಂತಿರುತ್ತಾನೆ. ಅದರೊಳಗೆ ಒಂದೊಂದಾಗಿ ಸೇರುವ ಸಾಮಾನು ನೋಡಿದರೆ ಇವರು ಕಾರ್ಕಳದಾಚೆಯ ಗುಡ್ಡಕ್ಕೆ ಹೊರಟಿದ್ದಾರೋ ಮನೆಯನ್ನೇ ಖಾಲಿ ಮಾಡುತ್ತಿದ್ದಾರೋ ಎಂದು ಅನುಮಾನ ಬರಬೇಕು. ಕೋಳಿ ಗಸಿಗೆ ದೊಡ್ಡ ಪಾತ್ರೆ, ಅರೆದ ಮಸಾಲೆಯ ಡಬ್ಬಿ, ಕ್ಯಾನಿನಲ್ಲಿ ತೆಂಗಿನ ಹಾಲು, ಸೌದೆಯ ಕಟ್ಟು, ಇಡ್ಲಿಯಂತೆ ಹಬೆಯಲ್ಲಿ ಬೇಯಿಸಿದ ಸನ್ನಗಳ ಬುಟ್ಟಿ, ಹಬ್ಬದಲ್ಲಿ ಉಳಿದ ಸಿಹಿತಿಂಡಿ ಕಲ್‌ಕಲ್, ಎಲ್ಲವೂ ಬರಲೇಬೇಕು. ಬುತ್ತಿ ಕಟ್ಟಿಕೊಂಡು ಹೋದರೆ ಅದು ಪಿಕ್ನಿಕ್ ಅಲ್ಲವೆಂದು ಇಬ್ಬರು ಗಂಡಸರೂ ಎಂದೋ ತೀರ್ಮಾನಿಸಿಬಿಟ್ಟಿದ್ದರು. ಗಸಿ ಗುಡ್ಡದ ಬುಡದಲ್ಲೇ ಕುದಿಯಬೇಕು, ಬಿಸಿಯಾಗಿಯೇ ಉಣ್ಣಬೇಕು.

ಆ ಗುಡ್ಡದ ಹೆಸರು ಬೊಳ್ಳಿಪಾದೆ. ಮೇಲೆ, ಬಂಡೆಗಳ ನಡುವೆ, ಒಂದು ಗುಹೆ. ಫೌಸ್ಟಿನ್ ಮಸ್ಕತ್‌ನ ಕೆಲಸ ಬಿಟ್ಟು ಊರಿಗೆ ಬಂದ ವರ್ಷವೇ ತಾರಾನಾಥನ ಜೊತೆ ಅದನ್ನು ಹುಡುಕಿ ಹತ್ತಿದ್ದ. ಅಂದಿನಿಂದ ಪ್ರತಿ ವರ್ಷ ಇಬ್ಬರೂ ಹತ್ತುತ್ತಾರೆ, ಇಳಿದು ಬಂದು ಉಣ್ಣುತ್ತಾ ಗುಹೆಯ ವರ್ಣನೆ ಮಾಡುತ್ತಾರೆ. ಒಳಗೆ ಒಂದು ಕೊಳ ಉಂಟು ಎಂದು ಫೌಸ್ಟಿನ್ ಹೇಳಿದರೆ, ಕೊಳದಲ್ಲಿ ಮೀನೂ ಉಂಟು ಎಂದು ತಾರಾನಾಥ ಸೇರಿಸುತ್ತಾನೆ. ವರ್ಷದಿಂದ ವರ್ಷಕ್ಕೆ ಕೊಳ ಆಳವಾಗುತ್ತಿತ್ತು, ಮೀನು ಉದ್ದವಾಗುತ್ತಿತ್ತು.

ನಿಜ ಸಂಗತಿ ಆ ಇಬ್ಬರಿಗೆ ಮಾತ್ರ ಗೊತ್ತು. ಮೊದಲ ವರ್ಷ ಫೌಸ್ಟಿನ್ ಗುಹೆಯೊಳಗೆ ತಲೆ ಹಾಕಿದ ಕೂಡಲೇ ಬಾವಲಿಗಳ ಹಿಂಡೊಂದು ಮುಖಕ್ಕೆ ಬಡಿದು ಹಾರಿತ್ತು. ಅವನು ಅಂಬೆಗಾಲಿನಲ್ಲೇ ಹಿಂದೆ ಸರಿದು ಹೊರಗೆ ಬಿದ್ದಿದ್ದ. ತಾರಾನಾಥ ಅಷ್ಟು ದೂರವೂ ಹೋಗಿರಲಿಲ್ಲ. ಮುಂದಿನ ವರ್ಷದಿಂದ ಗುಹೆಯ ಬಾಯಿಯಲ್ಲಿ ಟವೆಲು ಹಾಸಿ ಇಸ್ಪೀಟು ಆಡಿ, ಬೆವರು ಆರಿದ ಮೇಲೆ ಇಳಿಯುವುದೇ ಅವರ ಸಾಹಸವಾಯಿತು. ಕೆಳಗೆ ಹೆಂಡತಿಯರು ಪಾತ್ರೆ ಕಾಯುತ್ತಿದ್ದರು. ಒಮ್ಮೆ ಮಂಗಗಳು ಬುಟ್ಟಿಗೆ ಕೈ ಹಾಕಿದ ಮೇಲೆ ಯಾರಾದರೂ ಅಲ್ಲಿ ಕೂರಲೇಬೇಕೆಂದು ಮಾತಾಗಿತ್ತು. ಆ ಯಾರಾದರೂ ಎಂಬುದು ಫೌಸ್ಟಿನ್‌ನ ಝೀಟಾ ಮತ್ತು ತಾರಾನಾಥನ ಅಪ್ಪಿ ಎಂದು ಹೇಗೆ ಆಯಿತೋ, ಯಾರಿಗೂ ನೆನಪಿಲ್ಲ.

ಈ ಸಲ ಜೊತೆಗೆ ಮೆಲಿಷಾ ಇದ್ದಳು, ಫೌಸ್ಟಿನ್‌ನ ಮಗ ಸ್ಟೀವನ್‌ನನ್ನು ಮೇ ತಿಂಗಳಲ್ಲಿ ಮದುವೆಯಾಗಿ ಬಂದ ಶಿರ್ವದ ಹುಡುಗಿ. ಸ್ಟೀವನ್‌ಗೆ ಮಣಿಪಾಲದ ಆಸ್ಪತ್ರೆಯಲ್ಲಿ ಭಾನುವಾರವೂ ಡ್ಯೂಟಿ. ಗುಡ್ಡದ ಬುಡದಲ್ಲಿ ಮೂರು ಕಲ್ಲು ಜೋಡಿಸಿ ಪಾತ್ರೆ ಇಟ್ಟದ್ದೇ ತಡ, ಅವಳು ಶೂ ಲೇಸು ಬಿಗಿದಳು.

"ಮಮ್ಮಿ, ನೀವು ಎಷ್ಟು ಸಲ ಮೇಲೆ ಹೋಗಿದ್ದೀರಿ?" ಎಂದು ಅತ್ತೆಯನ್ನು ಕೇಳಿದಳು.

"ನಾನಾ?" ಝೀಟಾ ಈರುಳ್ಳಿ ಹೆಚ್ಚುತ್ತಿದ್ದ ಚೂರಿ ನಿಲ್ಲಿಸಿದಳು. "ನಾನು ಹೋದದ್ದೇ ಇಲ್ಲ."

ಮೆಲಿಷಾ ನಂಬಲಿಲ್ಲ. ಯಾಕೆಂದರೆ ಮದುವೆಯಾದ ಹೊಸದರಲ್ಲಿ ಈ ಗುಹೆಯ ಬಗ್ಗೆ, ಅದರ ಕೊಳದ ಬಗ್ಗೆ ಅವಳಿಗೆ ಹೇಳಿದ್ದೇ ಝೀಟಾ, ಕಣ್ಣಾರೆ ಕಂಡವಳ ಹಾಗೆ.

ತಾರಾನಾಥ ಅಡ್ಡ ಬಂದ. "ದಾರಿ ಭಾರಿ ಕಷ್ಟ ಮಾರಾಯ್ತಿ. ಹೆಂಗಸರಿಗೆ ಆಗುವಂಥದ್ದಲ್ಲ. ಮತ್ತೆ ಇಲ್ಲಿ ಮಂಗಗಳು ಉಂಟು, ಯಾರಾದರೂ ಇರಬೇಕಲ್ವಾ?"

"ದಿನಾ ಗುಡ್ಡೆಗೆ ಹೋಗಿ ಹುಲ್ಲು ಹೊತ್ತು ತರುವವಳು ನಾನು," ಎಂದಳು ಅಪ್ಪಿ, ಒಲೆ ಊದುತ್ತಲೇ. "ನೀವು ಅಂಗಡಿಯ ಕುರ್ಚಿಯಿಂದ ಏಳುವಾಗ ಮೇಜು ಹಿಡಿಯುತ್ತೀರಿ. ದಾರಿ ಯಾರಿಗೆ ಕಷ್ಟ?"

ಫೌಸ್ಟಿನ್ ಸಮಾಧಾನದ ದನಿಯಲ್ಲಿ ಹೇಳಿದ: "ಹಾಗಲ್ಲ ಅಪ್ಪಿಯಕ್ಕ. ಝೀಟಾಳಿಗೆ ಇದರಲ್ಲೆಲ್ಲ ಆಸೆ ಇಲ್ಲ. ಅವಳಿಗೆ ಇಲ್ಲಿ ನೆರಳಲ್ಲಿ ಕೂರುವುದೇ ಖುಷಿ."

"ಆಸೆ ಇಲ್ಲ ಅಂತ ನಾನು ಯಾವಾಗ ಹೇಳಿದ್ದು?" ಝೀಟಾ ಕೇಳಿದಳು. ಅವಳ ದನಿ ಏರಿರಲಿಲ್ಲ. "ಪ್ರತಿ ವರ್ಷ ಈ ಸಲ ಕರೆಯುತ್ತೀರೇನೋ ಅಂತ ಗಟ್ಟಿ ಚಪ್ಪಲಿ ಹಾಕಿಕೊಂಡೇ ಬರ್ತೇನೆ. ನೀವು ಕೇಳಲೇ ಇಲ್ಲ."

ಫೌಸ್ಟಿನ್ ಅವಳ ಕಾಲಿನತ್ತ ನೋಡಿದ. ಹಿಂದೆ ಪಟ್ಟಿ ಇರುವ ದಪ್ಪ ಅಟ್ಟೆಯ ಚಪ್ಪಲಿ. ಅದನ್ನು ಅವಳು ಇಗರ್ಜಿಗೂ ಹಾಕುವುದಿಲ್ಲ, ಪೇಟೆಗೂ ಹಾಕುವುದಿಲ್ಲ. ವರ್ಷಕ್ಕೊಮ್ಮೆ ಹೊರಬರುವ ಚಪ್ಪಲಿ ಅದು ಎಂದು ಅವನಿಗೆ ಈಗಷ್ಟೇ ಹೊಳೆಯಿತು. ಬೇಡ ಎನ್ನುವಂತಿರಲಿಲ್ಲ. ಹೂಂ ಎನ್ನುವಂತೆಯೂ ಇರಲಿಲ್ಲ, ಏಕೆಂದರೆ ಇವರು ಒಳಗೆ ಹೋದರೆ ಕೊಳ ಎಲ್ಲಿಂದ ಬರಬೇಕು?

ಮೆಲಿಷಾ ಅಷ್ಟರಲ್ಲಿ ಟಾರ್ಚು ತೆಗೆದುಕೊಂಡಾಗಿತ್ತು. ಕಾಲೇಜಿನಲ್ಲಿ ಚಾರಣದ ಗುಂಪಿನಲ್ಲಿದ್ದವಳು, ನೀರಿನ ಬಾಟಲಿಯನ್ನೂ ಒಂದು ಹಗ್ಗವನ್ನೂ ಚೀಲಕ್ಕೆ ಹಾಕಿದಳು. ಝೀಟಾ ಸೌಟನ್ನು ಗಂಡನ ಕೈಗೆ ಕೊಟ್ಟಳು. "ಅಡಿ ಹಿಡಿಯದ ಹಾಗೆ ತಿರುಗಿಸುತ್ತಾ ಇರಿ. ಹಾಲು ಕೊನೆಗೆ. ಹಾಕಿದ ಮೇಲೆ ಜೋರು ಕುದಿಸಬೇಡಿ, ಒಡೆಯುತ್ತದೆ." ಮೂವರೂ ಪೊದೆಗಳ ನಡುವಿನ ದಾರಿಯಲ್ಲಿ ಮರೆಯಾದರು.

"ಇನ್ನೆಂತ ಮಾಡುವುದು?" ಫೌಸ್ಟಿನ್ ಪಿಸುಗುಟ್ಟಿದ.

"ಬೇಸಿಗೆಗೆ ಬತ್ತಿ ಹೋಯಿತು ಅಂತ ಹೇಳುವುದು," ಎಂದ ತಾರಾನಾಥ.

"ಇದು ಡಿಸೆಂಬರು ಮಾರಾಯ."

ತಾರಾನಾಥನಿಗೆ ಬೇರೆ ಉಪಾಯ ಹೊಳೆಯಲಿಲ್ಲ. ಇಸ್ಪೀಟಿನ ಕಟ್ಟು ತೆಗೆದ. ಒಂದು ಎಲೆ ಕಮ್ಮಿ ಇತ್ತು. ಹೋದ ವರ್ಷ ಮೇಲೆಯೇ ಎಲ್ಲೋ ಬಿದ್ದ ಜೋಕರಿನ ಬದಲು ಮದುವೆಯ ಕಾಗದವೊಂದನ್ನು ಕತ್ತರಿಸಿ ಸೇರಿಸಿದ್ದರು. ಆದರೆ ಆಟ ಸಾಗಲಿಲ್ಲ. ಎಲೆ ಹಂಚಿದರೆ ಗಸಿ ಉಕ್ಕುತ್ತಿತ್ತು, ಗಸಿ ನೋಡಿದರೆ ಸೌದೆ ಆರುತ್ತಿತ್ತು. ಹೊಗೆ ತಾವು ಕೂತ ಕಡೆಗೇ ತಿರುಗುತ್ತಿತ್ತು. ಅಷ್ಟರಲ್ಲಿ ದೊಡ್ಡ ಮಂಗವೊಂದು ಓಮ್ನಿಯ ತಲೆಯ ಮೇಲೆ ಬಂದು ಕೂತು ಹಲ್ಲು ತೋರಿಸಿತು. ಇಬ್ಬರೂ ಕೋಲು ಹಿಡಿದು ಅದನ್ನು ಅಟ್ಟಲು ಓಡಿದರು. ಹಿಂದಿನಿಂದ ಎರಡು ಮರಿಮಂಗಗಳು ಬಂದು ಸನ್ನದ ಬುಟ್ಟಿಯ ಬಟ್ಟೆ ಸರಿಸಿ, ಕೈಗೆ ಬಂದಷ್ಟು ಬಾಚಿಕೊಂಡು ಮರ ಹತ್ತಿದವು. ದೊಡ್ಡದು ಓಮ್ನಿಯಿಂದ ನಿಧಾನಕ್ಕೆ ಇಳಿದು ತನ್ನ ಪಾಲು ತೆಗೆದುಕೊಳ್ಳಲು ಹೋಯಿತು.

"ಇವರು ಪ್ರತಿ ವರ್ಷ ಇದನ್ನೇ ಮಾಡುತ್ತಿದ್ದದ್ದಾ?" ತಾರಾನಾಥ ಏದುಸಿರು ಬಿಡುತ್ತಾ ಕೇಳಿದ. ಗಸಿಯ ಅಡಿ ಹಿಡಿದ ವಾಸನೆ ಆಗಲೇ ಬರತೊಡಗಿತ್ತು.

ಆಗ ಮೇಲಿನಿಂದ ನಗು ಕೇಳಿಸಿತು. ಮೊದಲು ಅಪ್ಪಿಯದು, ಆಮೇಲೆ ಝೀಟಾಳದು. ಅವಳು ಹೀಗೆ ಹೊಟ್ಟೆ ತುಂಬ ನಕ್ಕದ್ದನ್ನು ಫೌಸ್ಟಿನ್ ಕೇಳಿ ಎಷ್ಟು ಕಾಲವಾಗಿತ್ತೋ. ಎಂತಕ್ಕೆ ನಗುತ್ತಿದ್ದಾರೆ, ಎಂತ ಕಂಡರು ಎಂದು ಅವನಿಗೆ ತಿಳಿಯಬೇಕೆನಿಸಿತು. ಸೌಟು ಬಿಟ್ಟು ಎರಡು ಹೆಜ್ಜೆ ಹೋದ. ಮಂಗಗಳು ಮರದ ಮೇಲಿಂದ ನೋಡುತ್ತಿದ್ದವು. ಮರಳಿ ಬಂದು ಪಾತ್ರೆಯ ಬಳಿ ಕೂತ. ಇಷ್ಟು ವರ್ಷ ಝೀಟಾ ಇಲ್ಲೇ, ಇದೇ ಕಲ್ಲಿನ ಮೇಲೆ ಕೂತು ಮೇಲಿನ ನಗು ಕೇಳಿದ್ದಳು. ಅವನಿಗೆ ನಾಚಿಕೆಯಾಯಿತು. ಕಣ್ಣು ಒರೆಸಿಕೊಂಡು, ತಾರಾನಾಥನ ಎದುರು ಹೊಗೆಯ ಮೇಲೆ ತಪ್ಪು ಹಾಕಿದ.

ಅವರು ಇಳಿದು ಬರುವಾಗ ಝೀಟಾಳ ಚೂಡಿದಾರ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕೂದಲಿಗೆ ಜೇಡರ ಬಲೆ ಹತ್ತಿತ್ತು. ಮುಖ ಮಾತ್ರ ಹಬ್ಬದ ದಿನದ ಹಾಗಿತ್ತು.

"ಕೊಳ ಉಂಟು," ಎಂದಳು ಗಂಡನಿಗೆ. "ನೀವು ಹೇಳಿದಷ್ಟು ದೊಡ್ಡದಲ್ಲ. ಮೊಣಕಾಲಷ್ಟು ನೀರು. ಮೇಲಿನ ಸಂದಿಯಿಂದ ಬಿಸಿಲು ನೇರ ಅದರ ಮೇಲೆ ಬೀಳ್ತದೆ."

"ಕೊಳ ಉಂಟಾ?" ಎಂದು ತಾರಾನಾಥ ಕೇಳಿಯೇಬಿಟ್ಟ. ಫೌಸ್ಟಿನ್ ಅವನ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು.

"ಮೀನು ಮಾತ್ರ ಇಲ್ಲ," ಎಂದಳು ಅಪ್ಪಿ. "ನೀವಿಬ್ಬರೇ ಹಿಡಿದು ತಿಂದು ಮುಗಿಸಿರಬೇಕು."

ಊಟಕ್ಕೆ ಕೂತರು. ಸನ್ನ ಎಲ್ಲರಿಗೂ ಒಂದೊಂದೇ ಬಂತು, ಗಸಿಗೆ ಸೀದ ವಾಸನೆ ಇತ್ತು. ಆದರೂ ಯಾರೂ ಅಡುಗೆಯವರನ್ನು ದೂರಲಿಲ್ಲ. ಗಂಡನಿಗೆ ಬಡಿಸುವಾಗ ಝೀಟಾ ಅವನ ಅಂಗೈಗೆ ಏನನ್ನೋ ತುರುಕಿದಳು. ಮಳೆಗೆ ನೆನೆದು ಒಣಗಿದ ಜೋಕರಿನ ಎಲೆ.

"ಗುಹೆಯ ಬಾಯಿಯಲ್ಲಿ ಸಿಕ್ಕಿತು," ಎಂದಳು, ಅವನಿಗೆ ಮಾತ್ರ ಕೇಳುವಷ್ಟು. "ಒಳಗೆ ಯಾರದೂ ಒಂದು ಹೆಜ್ಜೆ ಗುರುತೂ ಇರಲಿಲ್ಲ." ಅಷ್ಟು ಹೇಳಿ ಅಪ್ಪಿಗೆ ಬಡಿಸಲು ಹೋದಳು. ಬಿಟ್ಟುಬಿಡುವ ಮನಸ್ಸು ಅವಳಿಗಿತ್ತು, ಅದು ಅವನಿಗೂ ಗೊತ್ತಾಯಿತು.

ಏನೂ ಅರಿಯದ ಮೆಲಿಷಾ ಕೇಳಿದಳು: "ಡ್ಯಾಡಿ, ಆ ಇಕ್ಕಟ್ಟಿನ ಜಾಗ ನೀವು ಹೇಗೆ ದಾಟುತ್ತಿದ್ದಿರಿ? ಮಮ್ಮಿ ಕೂತು ಜಾರಿದರು. ಅಪ್ಪಿ ಆಂಟಿ ಮಧ್ಯದಲ್ಲಿ ಸಿಕ್ಕಿಬಿದ್ದು ನಕ್ಕು ನಕ್ಕು ಸಾಕಾಯಿತು."

ಉತ್ತರ ಫೌಸ್ಟಿನ್‌ನ ನಾಲಗೆಯ ತುದಿಯಲ್ಲೇ ಇತ್ತು, ಎಡಗೈ ಊರಿ, ಮೊದಲು ಭುಜ ತೂರಿಸಿ ಎಂದು. ಇಂಥವನ್ನು ಕಟ್ಟುವುದರಲ್ಲಿ ಅವನು ಪಳಗಿದವನು. ಝೀಟಾ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಾನು ದಾಟಿಲ್ಲ ಮೆಲಿಷಾ," ಎಂದ ಅವನು. "ಬಾವಲಿಗೆ ಹೆದರಿ ಮೊದಲ ವರ್ಷವೇ ಹೊರಗೆ ಓಡಿ ಬಂದವ. ಆ ಕೊಳ ನಾನು ಕಂಡದ್ದಲ್ಲ, ಕಟ್ಟಿದ್ದು."

ಅಪ್ಪಿ ನಗಲು ಶುರು ಮಾಡಿದಳು. ತುತ್ತು ನೆತ್ತಿಗೇರಿ ಕೆಮ್ಮಿದಳು, ಮತ್ತೆ ನಕ್ಕಳು. "ನೀವು ಕಟ್ಟಿದ ಕೊಳಕ್ಕೆ ದೇವರು ನೀರು ತುಂಬಿಸಿದ್ದಾನೆ ಪೊರ್ಬುಗಳೇ," ಎಂದಳು, ಊರಿನ ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ಕರೆಯುವ ಹಾಗೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಝೀಟಾ.

ಫೌಸ್ಟಿನ್ ಕಾದು ಕೂತ. ನಗು ಇಳಿದ ಮೇಲೆ ಕೇಳಿದ: "ಝೀಟಾ, ಊಟ ಆದ ಮೇಲೆ ನನ್ನನ್ನು ಒಮ್ಮೆ ಕರೆದುಕೊಂಡು ಹೋಗ್ತೀಯಾ?"

"ಪಾತ್ರೆಯ ಹತ್ತಿರ ಯಾರು?"

"ನಾನಿರ್ತೇನೆ," ಎಂದ ತಾರಾನಾಥ. "ನನಗೆ ಮಂಗ ಆಗಬಹುದು, ಬಾವಲಿ ಬೇಡ."

ಝೀಟಾ ಟಾರ್ಚು ಹಿಡಿದು ಮುಂದೆ ನಡೆದಳು. ಗುಹೆಯ ಬಾಯಿಯಲ್ಲಿ ಫೌಸ್ಟಿನ್‌ನ ಕಾಲು ನಿಂತಾಗ ಹಿಂದೆ ಕೈ ಚಾಚಿದಳು. ಬಾವಲಿಗಳು ತಲೆಯ ಮೇಲೆ ಸುಳಿದವು. ಅವನು ಕಣ್ಣು ಮುಚ್ಚಿಕೊಂಡೇ ಇಕ್ಕಟ್ಟಿನಲ್ಲಿ ಕೂತು ಜಾರಿದ. ಕಣ್ಣು ತೆರೆದಾಗ ಮುಂದೆ ನೀರಿತ್ತು. ಮನೆಯ ಅಂಗಳದ ಅರ್ಧದಷ್ಟೂ ಇಲ್ಲದ, ತಳದ ಕಲ್ಲು ಕಾಣುವ ತಿಳಿನೀರು. ಸಂದಿಯಿಂದ ಇಳಿದ ಬಿಸಿಲು ಅದಕ್ಕೆ ತಾಗಿ ಬಂಡೆಯ ಮೇಲೆಲ್ಲ ಅಲುಗಾಡುತ್ತಿತ್ತು.

"ಹೇಗುಂಟು?" ಝೀಟಾ ಕೇಳಿದಳು.

ಈ ಗುಹೆಯ ಬಗ್ಗೆ ಎಂದೂ ಮಾತಿಗೆ ಬರವಿಲ್ಲದ ಮನುಷ್ಯ ತುಂಬ ಹೊತ್ತು ಯೋಚಿಸಿದ. "ಸಣ್ಣದು," ಎಂದ ಕೊನೆಗೆ. "ಆದರೆ ಉಂಟು."

ಇಬ್ಬರೂ ಪ್ಯಾಂಟು ಮಡಚಿ, ಚಪ್ಪಲಿ ಕಳಚಿ ನೀರಿಗೆ ಕಾಲು ಇಳಿಬಿಟ್ಟು ಕೂತರು. ಕೆಳಗಿನಿಂದ ತಾರಾನಾಥ ಯಾವುದೋ ಮಂಗಕ್ಕೆ ಬೈಯುವುದು ಕೇಳಿಸುತ್ತಿತ್ತು.

ಸಂಜೆ ಓಮ್ನಿ ಕಟಪಾಡಿಯ ಮನೆಯ ಮುಂದೆ ನಿಂತಾಗ ಸ್ಟೀವನ್ ಡ್ಯೂಟಿ ಮುಗಿಸಿ ಬಂದಿದ್ದ. ಚಿಕ್ಕಂದಿನಿಂದಲೂ ಕೇಳುತ್ತಿದ್ದ ಪ್ರಶ್ನೆಯನ್ನು ಈಗಲೂ ಕೇಳಿದ: "ಡ್ಯಾಡಿ, ಗುಹೆ ಹೇಗಿತ್ತು ಈ ಸಲ?"

"ನಿನ್ನ ಮಮ್ಮಿಯನ್ನು ಕೇಳು," ಎಂದು ಫೌಸ್ಟಿನ್ ಗಸಿಯ ಪಾತ್ರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದ. ತೆಂಗಿನ ನಾರಿಗೆ ಬೂದಿ ಹಚ್ಚಿ ಸೀದ ತಳವನ್ನು ತಿಕ್ಕತೊಡಗಿದ. ಝೀಟಾ ಜಗಲಿಯ ಮೆಟ್ಟಿಲಲ್ಲಿ ಕಾಲು ಚಾಚಿ ಕೂತು, ಸೊಸೆಯನ್ನು ಪಕ್ಕಕ್ಕೆ ಕರೆದು, ಮಗನಿಗೆ ಮೊದಲಿನಿಂದ ಹೇಳಲು ಶುರು ಮಾಡಿದಳು. ದಾರಿ ಬಂತು, ಬಾವಲಿ ಬಂತು, ಅಪ್ಪಿ ಸಿಕ್ಕಿಬಿದ್ದದ್ದು ಬಂತು. ಬಾವಿಕಟ್ಟೆಯವರೆಗೂ ಮಾತು ಕೇಳಿಸುತ್ತಿತ್ತು.

"ಕೊಳ ಅಂದರೆ ಎಂಥ ಕೊಳ ಅಂತೀಯಾ," ಎನ್ನುತ್ತಿದ್ದಳು ಝೀಟಾ. "ಸೊಂಟದವರೆಗೆ ನೀರು."

ಫೌಸ್ಟಿನ್‌ನ ಕೈ ನಿಂತಿತು. ಮಧ್ಯಾಹ್ನ ಅದು ಮೊಣಕಾಲಷ್ಟೇ ಇತ್ತು. ಅವನು ನಗುತ್ತಾ, ಏನೂ ತಿದ್ದದೆ, ಇನ್ನೊಂದು ಹಿಡಿ ಬೂದಿ ತೆಗೆದುಕೊಂಡ.