ಜೈಲಿನಿಂದ ಬಂದ ತಿದ್ದುಪಡಿ

ತಮ್ಮನನ್ನು ಜೈಲಿಗೆ ಹಾಕಿದವರ ಮೇಲೆ ಅಕ್ಕನಿಗಿದ್ದ ಸಿಟ್ಟು ಹಳೆಯದು. ಆ ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಹೊಲಿಗೆ ಮೆಷಿನ್ನಿನ ಮೇಲೆ ಪೇಪರ್ ಹರಡಿಕೊಂಡಾಗ ಬಂದದ್ದು ಹೊಸ ಸಿಟ್ಟು. ಅದು ತಮ್ಮನ ಮೇಲೆಯೇ ಬಂದದ್ದು.

ಎರಡನೇ ಪುಟದ ಕೆಳಮೂಲೆಯಲ್ಲಿ, ಚೌಕದೊಳಗೆ, ಅವನ ಪತ್ರ ಅಚ್ಚಾಗಿತ್ತು. ‘ನನ್ನ ಬಿಡುಗಡೆಗಾಗಿ ಹೋರಾಡುತ್ತಿರುವ ಸಮಿತಿಯ ಕರಪತ್ರದಲ್ಲಿ ನಾನು ದೃಷ್ಟಿ ಕಳೆದುಕೊಳ್ಳುತ್ತಿದ್ದೇನೆ ಎಂದು ಬರೆಯಲಾಗಿದೆ. ಇದು ತಪ್ಪು. ನನ್ನ ಕನ್ನಡಕದ ಎಡಗಡೆಯ ಗಾಜು ಒಡೆದಿದೆ. ಕಣ್ಣು ಚೆನ್ನಾಗಿದೆ. ದಯವಿಟ್ಟು ತಿದ್ದಿಕೊಳ್ಳಬೇಕು.’

ಅವನು ಮುಖ್ಯ ವರದಿಗಾರನಾಗಿದ್ದ ಅದೇ ಪೇಪರಿನಲ್ಲಿ ಅವನಿಗೆ ‘ತಿದ್ದುಪಡಿ’ ಎಂದೇ ಅಡ್ಡಹೆಸರು. ಮದುವೆ ಕರೆಯೋಲೆ ಕೈಗೆ ಕೊಟ್ಟರೂ ಪೆನ್ನು ತೆಗೆಯುವ ಆಸಾಮಿ. ಗೋದಾಮಿಗೆ ಬೆಂಕಿ ಬಿದ್ದಾಗ ಸತ್ತವರು ನಾಲ್ವರು ಎಂದು ಸರ್ಕಾರ ಹೇಳಿತು. ಇವನು ಮನೆಮನೆಗೆ ಹೋಗಿ ಕೂತು, ಹೆಣ ಕಂಡವರನ್ನು ಮಾತಾಡಿಸಿ, ಹನ್ನೊಂದು ಎಂದು ಬರೆದ. ಸುಳ್ಳು ಸುದ್ದಿ ಹಬ್ಬಿಸಿದ, ಜನರನ್ನು ಎತ್ತಿಕಟ್ಟಿದ ಎಂದು ಹಿಡಿದುಕೊಂಡು ಹೋದರು. ಅಷ್ಟಾದರೂ ಬುದ್ಧಿ ಬರಬೇಡವೇ! ಜೈಲಿನಿಂದ ಒಂದು ಕಾಗದ ಹೊರಗೆ ಬರಲು ಸಾಮಾನ್ಯವಾಗಿ ತಿಂಗಳು ಹಿಡಿಯುತ್ತದೆ. ಈ ಪತ್ರ ಮಾತ್ರ ಬೆಳಿಗ್ಗೆ ಬರೆದದ್ದು ಸಂಜೆಗೆ ಪೇಪರ್ ಆಫೀಸು ಸೇರಿತ್ತು. ಜೈಲಿನವರೇ ಗಾಡಿ ಮಾಡಿ ಕಳಿಸಿದ್ದರಂತೆ.

ಆ ಕರಪತ್ರ ಬರೆದವಳು ಅಕ್ಕ. ಸಮಿತಿ ಎಂದರೆ ಅವಳು, ಒಬ್ಬ ವಕೀಲರು, ನಿವೃತ್ತರಾದ ಇಬ್ಬರು ಮೇಷ್ಟ್ರುಗಳು, ಸಭೆಗೆ ಜಾಗವಾಗಿ ಅವಳ ಅಂಗಡಿ. ತಿಂಗಳುಗಟ್ಟಲೆ ಅವರು ಕಲ್ಲಿಗೆ ತಲೆ ಚಚ್ಚಿಕೊಂಡದ್ದಾಗಿತ್ತು. ಒಬ್ಬ ಮನುಷ್ಯ ಜೈಲಿನಲ್ಲಿ ಇದ್ದಾನೆ ಎನ್ನುವುದು ಮೊದಲ ದಿನ ಸುದ್ದಿ. ಇನ್ನೂ ಇದ್ದಾನೆ ಎನ್ನುವುದು ಯಾರಿಗೂ ಬೇಡ. ಕೊನೆಗೆ ತಲೆ ಕೆಟ್ಟು ಅಕ್ಕ ಕಣ್ಣಿನ ಮಾತು ಬರೆದಳು. ಬರೆದದ್ದೇ ತಡ, ಊರ ಚೌಕದಲ್ಲಿ ಜನ ಸೇರಿದರು, ಪರದೇಶದ ರೇಡಿಯೋದವರು ಫೋನು ಮಾಡಿದರು. ಮುಂದಿನ ತಿಂಗಳು ಬಿಡುಗಡೆಯ ಅರ್ಜಿ ಕೋರ್ಟಿಗೆ ಬರುತ್ತದೆ, ಅಲ್ಲಿಯವರೆಗೆ ಈ ಗದ್ದಲ ಆರದಂತೆ ನೋಡಿಕೊಳ್ಳಿ, ಆಗ ಅವನು ಮನೆಗೆ ಬಂದ ಹಾಗೆಯೇ ಎಂದಿದ್ದರು ವಕೀಲರು. ಈಗ ಅವನೇ ನೀರು ಸುರಿದಿದ್ದ.

ಭೇಟಿಯ ದಿನ ಅಕ್ಕ ಮೈಯೆಲ್ಲ ಉರಿಸಿಕೊಂಡೇ ಹೋದಳು. ಭೇಟಿಯ ಕೋಣೆಯ ನಡುವೆ ಎರಡು ಪದರ ತಂತಿ ಜಾಲರಿ. ಆ ಕಡೆ ಹತ್ತು ಜನ, ಈ ಕಡೆ ಹತ್ತು ಜನ, ಎಲ್ಲರೂ ಒಟ್ಟಿಗೆ ಕಿರುಚುವುದು. ಕಿವಿ ಕಿವುಡಾಗದೆ ಅಲ್ಲಿಂದ ಹೊರಬಂದವರಿಲ್ಲ.

“ನಿನಗೇನು ತಲೆಗಿಲೆ ಕೆಟ್ಟಿದೆಯೇನೋ?”

“ಅಕ್ಕ, ನೀನು ಬರೆದದ್ದು ಸುಳ್ಳು ತಾನೇ?”

“ಸುಳ್ಳಲ್ಲ. ಸ್ವಲ್ಪ ಉದ್ದ ಮಾಡಿದ್ದೆ, ಅಷ್ಟೆ.”

“ಬಟ್ಟೆಯೇನಕ್ಕ ಅದು, ಉದ್ದ ಗಿಡ್ಡ ಮಾಡೋಕೆ?”

“ನಗಬೇಡ! ನಿನಗೋಸ್ಕರ ನಾನು ಕಂಡಕಂಡವರ ಕಾಲು ಹಿಡೀತಿದ್ದೀನಿ. ನೀನು ಒಳಗೆ ಕೂತ್ಕೊಂಡು ನನ್ನ ತಪ್ಪು ಹುಡುಕ್ತೀಯ?”

“ನನ್ನ ಕಣ್ಣಿನ ವಿಷಯದಲ್ಲಿ ನಾವು ಸುಳ್ಳು ಹೇಳಿದ್ವಿ ಅಂತಾದ್ರೆ, ಆ ಹನ್ನೊಂದು ಜನ ಸತ್ತದ್ದನ್ನ ಯಾರು ನಂಬ್ತಾರೆ? ಅವರ ಮನೆಯವರಿಗೆ ಏನು ಹೇಳ್ಲಿ?”

ಅವನ ಮಾತು ಸರಿಯಾಗಿತ್ತು. ಅದಕ್ಕೇ ಅಕ್ಕನ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಎನ್ನುವಷ್ಟರಲ್ಲಿ ಕಣ್ಣು ಅವನ ಶರ್ಟಿನ ಮೇಲೆ ಹೋಯಿತು. ಅವಳೇ ಹೊಲಿದುಕೊಟ್ಟ ಶರ್ಟು. ಕುತ್ತಿಗೆಯವರೆಗೆ ಗುಂಡಿ ಹಾಕಿಕೊಳ್ಳದೆ ಕೋಣೆಯಿಂದ ಆಚೆ ಬಾರದ ಮನುಷ್ಯ, ಒಂದೇ ಒಂದು ಗುಂಡಿಯನ್ನು, ಅದೂ ಬೇರೆ ಕಾಜಕ್ಕೆ, ಸಿಕ್ಕಿಸಿಕೊಂಡು ನಿಂತಿದ್ದ. ಶರ್ಟಿನ ಬಲತೋಳನ್ನು ಬೆರಳುಗಳನ್ನೆಲ್ಲ ಮುಚ್ಚುವಷ್ಟು ಕೆಳಗೆ ಎಳೆದುಕೊಂಡಿದ್ದ.

“ಕೈ ತೋರಿಸು.”

“ಏನಿಲ್ಲ ಅಕ್ಕ.”

“ತೋರಿಸೋ ಅಂದ್ರೆ!”

ಅವನು ತೋಳು ಸರಿಸಿ ಜಾಲರಿಯ ಹತ್ತಿರ ಹಿಡಿದ. ಮೂರು ಬೆರಳು ಊದಿಕೊಂಡು ಒಂದಕ್ಕೊಂದು ಅಂಟಿದ್ದವು. ಉಗುರುಗಳು ಕಪ್ಪಾಗಿದ್ದವು.

“ಯಾವಾಗ?”

“ಆ ಪತ್ರ ಕೊಟ್ಟ ಮಾರನೇ ದಿನ. ತಿದ್ದುಪಡಿ ಚೆನ್ನಾಗಿ ಬರೀತೀಯ, ಇನ್ನೊಂದು ಬರಿ ಅಂದ್ರು. ಹನ್ನೊಂದು ಅಲ್ಲ, ನಾಲ್ಕು ಅಂತ. ಬರೆಯಲ್ಲ ಅಂದೆ.” ತೋಳನ್ನು ಮತ್ತೆ ಕೆಳಗೆಳೆದುಕೊಂಡು ಹೇಳಿದ: “ಇದನ್ನ ಪೇಪರಿಗೆ ಕೊಡಬೇಡ. ಹೇಳ್ತಿರೋನು ನಾನೊಬ್ಬನೇ. ಒಬ್ಬರ ಬಾಯಿಂದ ಬಂದದ್ದನ್ನ ನಾನು ಯಾವತ್ತಾದ್ರೂ ಅಚ್ಚಿಗೆ ಕಳಿಸಿದ್ದೀನಾ?”

ಗಂಟೆ ಹೊಡೆಯಿತು. ಕಾವಲಿನವನು ಬೆನ್ನ ಮೇಲೆ ಕೈಯಿಟ್ಟು ಅವನನ್ನು ಒಳಗೆ ಕರೆದುಕೊಂಡು ಹೋದ.

ಅಕ್ಕ ಅವನ ಮಾತು ಕೇಳುವವಳಲ್ಲ. ಜೈಲಿನಿಂದ ನೆಟ್ಟಗೆ ಪೇಪರ್ ಆಫೀಸಿಗೆ ನಡೆದಳು. ತಮ್ಮನ ಕುರ್ಚಿಯಲ್ಲಿ ಈಗ ಅವನ ಶಿಷ್ಯ, ಹೊಸ ಮುಖ್ಯ ವರದಿಗಾರ, ಕೂತಿದ್ದ. ಕೈಯ ಸಂಗತಿ ಕೇಳಿ ಅವನ ಕಣ್ಣು ಒದ್ದೆಯಾಯಿತು. ಒಳ್ಳೆಯ ಹುಡುಗ. ಕಣ್ಣೊರೆಸಿಕೊಂಡು ಕೇಳಿದ:

“ಇನ್ಯಾರಾದ್ರೂ ನೋಡಿದ್ದಾರಾ ಅಕ್ಕ?”

“ನಾನು ನೋಡಿದೆನಲ್ಲಪ್ಪ!”

“ನೀವು ಕೈ ನೋಡಿದ್ರಿ, ಹೊಡೆದದ್ದು ನೋಡಿಲ್ಲ. ಮೇಲಾಗಿ ನೀವು ಮನೆಯವರು. ಮನೆಯವರ ಮಾತೊಂದನ್ನೇ ನೆಚ್ಚಿಕೊಂಡು ಬರೆಯೋ ಹಾಗಿಲ್ಲ ಅಂತ ನನಗೆ ಹೇಳಿಕೊಟ್ಟವರೇ ನಿಮ್ಮ ತಮ್ಮ. ಮೊನ್ನೆ ತಾನೇ ಕಣ್ಣಿನದಕ್ಕೆ ತಿದ್ದುಪಡಿ ಹಾಕಿದ್ದೀವಿ. ಈಗ ಕೈ ಅಂದ್ರೆ ಜನ ನಗ್ತಾರೆ. ಒಳಗಿರೋರು ಒಬ್ಬರು ಹೇಳಲಿ, ನಾಳೆಯೇ ಮೊದಲನೇ ಪುಟಕ್ಕೆ ಹಾಕ್ತೀನಿ.”

ಅಕ್ಕನಿಗೆ ಮೇಜಿನ ಮೇಲಿದ್ದ ಟೀ ಲೋಟ ಎತ್ತಿ ಗೋಡೆಗೆ ಎಸೆಯುವಷ್ಟು ರೇಗಿತು. ವಕೀಲರನ್ನು ಕೇಳಿದರೆ, ಕೈ ಪರೀಕ್ಷೆಗೆ ಅರ್ಜಿ ಹಾಕಬಹುದು, ಆದರೆ ಪರೀಕ್ಷೆ ಮಾಡುವವರು ಅದೇ ಜೈಲಿನ ಡಾಕ್ಟರು ಎಂದರು. ಎಲ್ಲರೂ ನಿಯಮದಂತೆ ನಡೆಯುವವರೇ. ನಿಯಮ ಮೀರಿದವರು ಬೆರಳು ಮುರಿದವರು ಮಾತ್ರ, ಅವರನ್ನು ಕೇಳುವವರಿಲ್ಲ.

ಮುಂದಿನ ಭೇಟಿಯ ದಿನ ಜೈಲಿನ ಗೇಟಿನ ಮುಂದೆ ಸಾಲು ಹನುಮಂತನ ಬಾಲದಂತೆ ಬೆಳೆದಿತ್ತು. ಅಕ್ಕನ ಮುಂದೆ ನಿಂತಿದ್ದವಳು ಕೂದಲು ನೆರೆತ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಹಿಡಿದ ಹೆಂಗಸು. ಎಷ್ಟೋ ಸಲ ಹೀಗೇ ಹಿಂದೆಮುಂದೆ ನಿಂತಿದ್ದರು, ಒಂದು ಮಾತಿಲ್ಲ. ಅಕ್ಕ ಈಗ ಹಲ್ಲು ಕಚ್ಚಿಕೊಂಡು ಮಾತಾಡಿಸಿದಳು.

“ಒಳಗೆ ಯಾರಿದ್ದಾರೆ ನಿಮ್ಮವರು?”

“ಮಗ. ನಿಮ್ಮ ತಮ್ಮ ಇರೋ ಕೋಣೆಯಲ್ಲೇ ಮಲಗ್ತಾನೆ. ಕಳ್ಳರ ಜೊತೆ ಇಟ್ಟಿದ್ದಾರೆ ಅಂತ ಕರಪತ್ರದಲ್ಲಿ ಬರೆದಿದ್ದೀರಲ್ಲ, ಅವರಲ್ಲಿ ಒಬ್ಬ.”

ಅಕ್ಕನಿಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಆದರೂ ಬಿಡಲಿಲ್ಲ.

“ನನ್ನ ತಮ್ಮನ ಕೈಗೆ ಹೊಡೆದಿದ್ದಾರೆ. ನಿಮ್ಮ ಮಗ ನೋಡಿರಬಹುದಾ?”

“ನೋಡದೆ ಏನು? ನಿಮ್ಮ ತಮ್ಮನಿಗೆ ಊಟ ತಿನ್ನಿಸ್ತಿರೋನೇ ಅವನು. ಅವನಿಗೆ ಆ ನೋವು ಗೊತ್ತು. ಅವನ ಕೈಯನ್ನೂ ಹೀಗೇ ಮಾಡಿದ್ರು, ಎರಡು ವರ್ಷದ ಹಿಂದೆ. ಇವತ್ತಿಗೂ ಆ ಕೈಯಲ್ಲಿ ಲೋಟ ಹಿಡಿಯೋಕೆ ಆಗಲ್ಲ.”

“ಅಯ್ಯೋ! ಯಾರಿಗೂ ಹೇಳಲಿಲ್ವಾ ನೀವು?”

“ಹೇಳದೇ ಇರ್ತೀನಾ ತಾಯಿ? ಪೇಪರ್ ಆಫೀಸಿಗೆ ಹೋಗಿದ್ದೆ. ನಿಮ್ಮ ತಮ್ಮನೇ ಇದ್ರು. ಕುರ್ಚಿ ಹಾಕಿ ಕೂರಿಸಿದ್ರು, ಎಲ್ಲ ಕೇಳ್ಕೊಂಡ್ರು. ನೀವು ತಾಯಿ, ನೋಡಿದವರು ಇನ್ನೊಬ್ಬರು ಬೇಕು ಅಂದ್ರು. ಇನ್ನೊಬ್ಬರನ್ನ ಎಲ್ಲಿಂದ ತರ್ಲಿ ನಾನು?”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಇಷ್ಟು ದಿನ ಅಕ್ಕನ ಸಿಟ್ಟಿಗೆ ಒಂದು ಗುರಿಯಾದರೂ ಇತ್ತು, ಈಗ ಅದೂ ಇಲ್ಲ.

“ನಿಮ್ಮ ಮಗ ಹೇಳ್ತಾನಾ, ನನ್ನ ತಮ್ಮನಿಗೆ ಹೊಡೆದದ್ದನ್ನ?”

“ಹೇಳ್ತಾನೆ. ಆದ್ರೆ ಮೊದಲು ಅವನ ಕೈ ವಿಷಯ ಬರೀರಿ. ಆಮೇಲೆ ನಿಮ್ಮ ತಮ್ಮಂದು.”

ಕೋರ್ಟಿಗೆ ಇನ್ನು ವಾರವಿತ್ತು. ಮೊದಲು ಒಬ್ಬ ಕಳ್ಳನ ಬೆರಳಿನ ಸುದ್ದಿ ಹೊರಬಿದ್ದರೆ ಮೇಷ್ಟ್ರುಗಳು ಸಮಿತಿ ಬಿಟ್ಟುಹೋಗುತ್ತಾರೆ, ವಕೀಲರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ, ತಮ್ಮನ ಬಿಡುಗಡೆ ಎಲ್ಲಿಗೋ ಹೋಗುತ್ತದೆ. ಆಮೇಲೆ ನೋಡೋಣ ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೆಂಗಸು ಬುಟ್ಟಿಯನ್ನು ಕೈಯಿಂದ ಕೈಗೆ ಬದಲಾಯಿಸಿಕೊಳ್ಳುತ್ತ ಕಾಯುತ್ತಿದ್ದಳು.

“ನಿಮ್ಮ ಮಗನ ಹೆಸರು ಹೇಳಿ,” ಎಂದಳು ಅಕ್ಕ. “ನಿಧಾನಕ್ಕೆ ಹೇಳಿ. ತಪ್ಪಾಗಬಾರದು.”