ಅಳಿಸಿದವರ ಬುಟ್ಟಿ

1

ಇರುಳು. ಬಾಗಿಲು ಬಡಿದ ಸದ್ದು, ಮೂರು ಬಾರಿ.

(ಹೀಗೆ ಆರಂಭಿಸಬಹುದೇ? ಧಾರಾವಾಹಿ ಬರೆದು ಬರೆದು ನನ್ನ ಕೈ ತಾನಾಗಿಯೇ ಬಾಗಿಲು ಬಡಿಯುತ್ತದೆ. ಆದರೆ ಇದು ಮನೆಯ ಕಂಪ್ಯೂಟರ್‌ಗೆ ಫೈಲ್‌ಸಿಸ್ಟಮ್ ಆರಿಸುವ ಕಥೆ. ‘ಕಡತಗಳನ್ನು ಒಪ್ಪವಾಗಿ ಇಡುವ ವ್ಯವಸ್ಥೆಯೇ ಫೈಲ್‌ಸಿಸ್ಟಮ್’ ಎಂದು ಶುರು ಮಾಡಿದರೆ ನೀವು ಪುಟ ಮಗುಚುತ್ತೀರಿ. ಬಡಿತವೇ ಇರಲಿ. ಬಡಿದವರು ಯಾರೆಂದು ಈಗ ಹೇಳಲಾರೆ.)

2

ಕರಾಕೊಲ್ ಊರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮುಕಂಬೆತ್‌ಗೆ ಮಕ್ಕಳಿಲ್ಲ. ಹೆಂಡತಿ ಬುರುಲ್ ಸೆಪ್ಟೆಂಬರ್ ಕೊನೆಯಲ್ಲಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಗೋಡೆಗೆ ಮುಖಮಾಡಿ ಕುಳಿತು ಹೆಂಗಸರು ಕಟ್ಟಿ ಹಾಡುವ ಶೋಕಗೀತೆಗೆ ಅಲ್ಲಿ ಕೊಶೋಕ್ ಎನ್ನುತ್ತಾರೆ. ಅದನ್ನು ಹಾಡುವುದರಲ್ಲಿ ಆ ಸೀಮೆಗೇ ಅವಳೊಬ್ಬಳು. ಗಂಡ ಸತ್ತರೆ ಹೆಂಡತಿ ಹಾಡಬೇಕು. ತಾನೇ ಮೊದಲು ಹೋಗುವೆನೆಂದು ತಿಳಿದ ಬುರುಲ್, ಒಂದು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಮುಂದೆಂದೋ ಹಾಡಬೇಕಾಗಿದ್ದುದನ್ನು ಮುಂಚೆಯೇ ಹಾಡಿ ಕಂಪ್ಯೂಟರ್‌ನಲ್ಲಿ ಇಟ್ಟಳು. ಕಡತದ ಹೆಸರು ‘ಮುಕಂಬೆತ್‌ಗೆ’. ಅವನು ಹೆಸರನ್ನು ನೋಡಿದ, ತೆರೆಯಲಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿರುವಾಗ ಅದನ್ನು ಕೇಳುವ ಎದೆ ಅವನಿಗಿರಲಿಲ್ಲ.

ಅವಳ ನಲವತ್ತನೆಯ ದಿನದ ಕರ್ಮ ಮುಗಿದ ಮೇಲೆ ಹುಡುಕಿದ. ಕಡತವೇ ಇರಲಿಲ್ಲ.

3 (ಹರಿದು ಹಾಕಿದ ಕರಡು)

ಮೊದಲು ಅಪರಾಧಿಯ ಪಟ್ಟವನ್ನು ಡಿಸ್ಕಿಗೇ ಕಟ್ಟಿದ್ದೆ. ಹಳೆಯ ಡಿಸ್ಕಿನಲ್ಲಿ ಬರೆದಿಟ್ಟದ್ದು ಸದ್ದಿಲ್ಲದೆ ಕೊಳೆಯುವುದುಂಟು. ಆದರೆ ಕೊಳೆತ ಕಡತ ಹಾಡದೆ ಹೋದೀತೇ ಹೊರತು ಹೆಸರು ಸಮೇತ ಮಾಯವಾಗದು. “ಇಷ್ಟೂ ಗೊತ್ತಿಲ್ದೆ ನನ್ನ ಕಥೆ ಬರೆಯೋಕೆ ಕೂತ್ರಾ?” ಎಂದ ಮುಕಂಬೆತ್. ಹರಿದೆ.

3 (ಮತ್ತೆ)

ಹಾಗಾದರೆ ಯಾರೋ ಅಳಿಸಿದ್ದಾರೆ. ಆ ಕಂಪ್ಯೂಟರ್‌ನಲ್ಲಿ ಮೂವರಿಗೆ ಬೇರೆ ಬೇರೆ ಖಾತೆಗಳಿದ್ದವು: ಗಂಡ, ಹೆಂಡತಿ, ಅಕ್ಕನ ಆರೈಕೆಗೆಂದು ಬಂದು ಮೂರು ತಿಂಗಳು ತಂಗಿದ್ದ ನಾದಿನಿ ಸಾಯ್ಕಾಲ್. ಆ ಹಾಡಿನ ಸುದ್ದಿ ಕೇಳಿದ ದಿನವೇ ಸಾಯ್ಕಾಲ್ ಹೌಹಾರಿದ್ದಳು.

“ಬದುಕಿರೋ ಗಂಡಸಿಗೆ ಕೊಶೋಕಾ? ಸಾವಿಗೆ ಮನೆ ದಾರಿ ತೋರಿಸಿದ ಹಾಗೆ! ಅಳಿಸಿಬಿಡಿ, ಭಾವ.”

ನಲವತ್ತನೆಯ ದಿನದ ಸಂಜೆ ಅವನು ಕೇಳಿದ್ದು ಒಂದೇ ಮಾತು. “ನೀನೇ ತಾನೇ?”

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಅಳಿಸಿದೋರು ನಿಮ್ಮ ಒಳ್ಳೇದಕ್ಕೇ ಅಳಿಸಿರ್ತಾರೆ.”

“ಇನ್ನು ಈ ಹೊಸ್ತಿಲು ತುಳೀಬೇಡ.”

ತುಳಿಯಲಿಲ್ಲ. ಆದರೆ ಆ ಊರಿನ ಪದ್ಧತಿಯಂತೆ ಗುರುವಾರ ಕತ್ತಲಾದೊಡನೆ ಎಣ್ಣೆ ಕಾಯಿಸಿ ಬೊರ್ಸೊಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯಬೇಕು. ಆ ವಾಸನೆಯೇ ಸತ್ತವರ ಊಟ. ಪ್ರತಿ ಗುರುವಾರ ಅವಳು ಕರಿದ ಬೊರ್ಸೊಕ್ ತಂದು ಬಾಗಿಲು ಬಡಿಯುತ್ತಾಳೆ.

“ಭಾವಾ, ಸಿಟ್ಟು ನನ್ನ ಮೇಲಿರ್ಲಿ, ಅಕ್ಕನ ಊಟದ ಮೇಲೆ ಬೇಡ. ಚಿಮಣೀಲಿ ಹೊಗೆ ಬರ್ತಿದೆ, ಸತ್ತಿಲ್ಲ ಅಂತ ಗೊತ್ತು!”

ಅವಳ ಹೆಜ್ಜೆ ದೂರವಾದ ಮೇಲೆ ಬಟ್ಟಲು ಒಳಗೆ ಬರುತ್ತದೆ. ಮರುವಾರ ತೊಳೆದ ಬಟ್ಟಲು ಹೊಸ್ತಿಲ ಮೇಲಿರುತ್ತದೆ, ಖಾಲಿ. ಖಾಲಿ ಬಟ್ಟಲು ಹಿಂದಿರುಗಿಸುವುದು ಆ ಊರಿನಲ್ಲಿ ಬೈಗುಳಕ್ಕೆ ಸಮ. ಇಡೀ ವಾರದಲ್ಲಿ ಅವನು ಯಾರೊಡನೆಯಾದರೂ ಆಡುವ ಮಾತು ಅದೊಂದೇ.

(ಬಡಿದವರು ಯಾರೆಂದು ಹೇಳಿಬಿಟ್ಟೆ. ಧಾರಾವಾಹಿಯಾಗಿದ್ದರೆ ಆರು ವಾರ ಎಳೆಯುತ್ತಿದ್ದೆ.)

5

(4 ಎಲ್ಲಿ? ಅದರಲ್ಲಿ ಮುಕಂಬೆತ್ ಒಬ್ಬನೇ ಕುಳಿತು ಚಹಾ ಕುಡಿಯುತ್ತಾನೆ, ಹನ್ನೊಂದು ಪುಟ. ನಿಮಗಾಗಿ ಕೈಬಿಟ್ಟೆ. ಅವನಿಗೆ ಆ ಸೌಲಭ್ಯವಿಲ್ಲ.)

ಈ ಗುರುವಾರ ಮಧ್ಯಾಹ್ನ, ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹಳೆಯ ಶಿಷ್ಯೆ ನುರ್ಜಾತ್‌ಳನ್ನು ಅವನು ಮನೆಗೆ ಕರೆಸಿದ.

“ಇನ್ನೊಂದು ಸಲ ಏನೂ ಕಳೆದುಹೋಗ್ಬಾರ್ದು. ಅಂಥ ಫೈಲ್‌ಸಿಸ್ಟಮ್ ಹಾಕು.”

“ಹಾಗಾದ್ರೆ ಜೆಡ್‌ಎಫ್‌ಎಸ್, ಅಗಾಯ್.” ಮೇಷ್ಟರನ್ನು ಅಲ್ಲಿ ಕರೆಯುವುದೇ ಹಾಗೆ. “ಎರಡು ಡಿಸ್ಕಲ್ಲೂ ಒಂದೇ ಕಡತ. ಓದುವಾಗೆಲ್ಲ ತಾಳೆ ನೋಡುತ್ತೆ. ಒಂದರಲ್ಲಿ ಕೆಟ್ಟಿದ್ರೆ ಇನ್ನೊಂದರಿಂದ ಸರಿ ಮಾಡ್ಕೊಳ್ಳುತ್ತೆ.”

“ಡಿಸ್ಕ್ ಒಂದೇ ಇದ್ರೆ?”

“ಕೆಟ್ಟಿದೆ ಅಂತ ಗೊತ್ತಾಗುತ್ತೆ ಅಷ್ಟೆ. ಸರಿ ಮಾಡೋಕೆ ಜೊತೆ ಇಲ್ವಲ್ಲ.”

(ಇಲ್ಲಿ ಒಂದು ಉಪಮೆ ಕೈಚಾಚಿ ನಿಂತಿದೆ. ಎತ್ತಿಕೊಳ್ಳಲಾರೆ.)

“ಆದ್ರೆ ಎಲ್ಲ ಒರೆಸಿ ಹಾಕ್ಬೇಕು. ಹಳೇ ಸ್ನ್ಯಾಪ್‌ಶಾಟ್‌ಗಳೂ ಹೋಗ್ತವೆ. ಪರವಾಗಿಲ್ವಾ?”

“ಯಾವ ಸ್ನ್ಯಾಪ್‌ಶಾಟ್?”

ನುರ್ಜಾತ್ ಹಣೆ ಚಚ್ಚಿಕೊಂಡಳು. “ಎರಡು ವರ್ಷದ ಹಿಂದೆ ಈಗಿರೋ ಈ ಬಿಟಿಆರ್‌ಎಫ್‌ಎಸ್ ಹಾಕಿದಾಗ ಅಷ್ಟು ಹೇಳಿದ್ನಲ್ಲ! ಇಡೀ ಡಿಸ್ಕಿನದು ದಿನಕ್ಕೊಂದು ಚಿತ್ರ ತೆಗೆದಿಡುತ್ತೆ, ಅದೇ ಸ್ನ್ಯಾಪ್‌ಶಾಟ್. ಆಮೇಲೆ ಅಳಿಸಿದ್ದೂ ಅದರೊಳಗೆ ಹಾಗೇ ಇರುತ್ತೆ. ಪಾಠ ಕೇಳದಿದ್ರೆ ನಮ್ಮ ಕಿವಿ ಹಿಂಡ್ತಿದ್ರಿ. ಈಗ ಯಾರ ಕಿವಿ ಹಿಂಡೋಣ?”

6

ಸೆಪ್ಟೆಂಬರ್ ಹನ್ನೊಂದರ ಚಿತ್ರದಲ್ಲಿ ‘ಮುಕಂಬೆತ್‌ಗೆ’ ಇದ್ದಲ್ಲೇ ಇತ್ತು. ಹನ್ನೆರಡರದರಲ್ಲಿ ಅದು ಕಸದ ಬುಟ್ಟಿಯಲ್ಲಿತ್ತು. ಹದಿಮೂರರಲ್ಲಿ ಬುಟ್ಟಿ ಖಾಲಿ. ಆ ಕಂಪ್ಯೂಟರ್‌ನಲ್ಲಿ ಪ್ರತಿಯೊಬ್ಬರಿಗೂ ಅವರದೇ ಬುಟ್ಟಿ. ಅಳಿಸಿದ ಕಡತ ಅಳಿಸಿದವರ ಬುಟ್ಟಿಗೇ ಬೀಳುತ್ತದೆ.

ನುರ್ಜಾತ್ ಬುಟ್ಟಿಯ ಮೇಲಿನ ಹೆಸರು ಓದಿ, ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಓದಿದ. ಬಹಳ ಹೊತ್ತು ಓದಿದ, ಒಂದೇ ಪದವಿತ್ತು.

“ಹೊಸದಕ್ಕೆ ಇದನ್ನ ಸೇರಿಸ್ಲಾ, ಅಗಾಯ್? ಅಥವಾ ಅಳಿಸಿದೋರ ಮಾತೇ ನಡೆಸ್ಲಾ?”

“ನಾಳೆ ಬಾ,” ಎಂದ.

ಅವಳು ಹೋದಳು. ಕತ್ತಲಾಯಿತು. ಬಾಗಿಲು ಬಡಿದ ಸದ್ದು, ಮೂರು ಬಾರಿ.

7

‘ಹೆಸರು ಹೇಳಿಬಿಡಲೇ?’ ಎಂದು ಮುಕಂಬೆತ್‌ನನ್ನು ಕೇಳಿದೆ.

“ಹೆಸರು ಸಿಕ್ಕಿದ ಕೂಡಲೇ ನಿಮ್ಮ ಓದುಗರು ಎದ್ದು ಹೋಗ್ತಾರೆ. ಈ ಮನೇಲಿ ಉಳಿಯೋನು ನಾನಲ್ವಾ?”

ಅಂತ್ಯಗಳನ್ನು ಮುಂದಿಟ್ಟೆ. ಅ) ಹಾಡು ಹೊಸ ಡಿಸ್ಕುಗಳಲ್ಲಿ ಎರಡೆರಡಾಗಿ ಉಳಿಯುತ್ತದೆ. ಆ) ಎಲ್ಲವನ್ನೂ ಒರೆಸುತ್ತಾನೆ. ಇ) ಈಗಲೇ ಕೇಳುತ್ತಾನೆ, ಬದುಕಿರುವಾಗಲೇ, ಗೋಡೆಗೆ ಮುಖಮಾಡಿ.

ಮುಕಂಬೆತ್ ಯಾವುದನ್ನೂ ಮುಟ್ಟಲಿಲ್ಲ. ಎದ್ದು, ಈ ವಾರ ಹೊಸ್ತಿಲ ಮೇಲಿಡಲು ಮರೆತಿದ್ದ ತೊಳೆದ ಬಟ್ಟಲನ್ನು ತೆಗೆದುಕೊಂಡು, ಬುರುಲ್ ಬೇಸಿಗೆಯಲ್ಲಿ ಒಣಗಿಸಿಟ್ಟಿದ್ದ ಏಪ್ರಿಕಾಟ್‌ಗಳಲ್ಲಿ ಉಳಿದಷ್ಟನ್ನೂ ಅದರಲ್ಲಿ ಸುರಿದ. ಅಗುಳಿಯ ಮೇಲೆ ಕೈಯಿಟ್ಟ.

“ಭಾವಾ? ಹೆಜ್ಜೆ ಸದ್ದು ಕೇಳಿಸ್ತಿದೆ. ದೆವ್ವ ಆಗಿದ್ರೂ ಪರವಾಗಿಲ್ಲ, ಬಿಸಿ ಇದ್ದಾಗ ತಿನ್ನಿ.”

ಅವನು ನನ್ನತ್ತ ತಿರುಗಿದ. “ಇಲ್ಲಿಂದಾಚೆ ನೀವು ಬರೀಬೇಡಿ.”

ಬರೆಯುವುದಿಲ್ಲ. ಬಾಗಿಲು ಅವನದು, ಹಾಡೂ ಅವನದೇ. ನಿಮ್ಮ ಸಾಲ ಮಾತ್ರ ನನ್ನ ಮೇಲಿದೆ, ತೀರಿಸುತ್ತೇನೆ.

ಬುಟ್ಟಿಯ ಮೇಲಿದ್ದ ಹೆಸರು: ಬುರುಲ್.